ಘಟ್ಟದ ದಾರಿ ಮುಚ್ಚಿದ ಆಷಾಢ

ನಮ್ಮ ಅಕ್ಕ ಮೊಂಬಾಸಾದಿಂದ ಬರೆದ ಕಾಗದ ಹೋಳಿಹುಣ್ಣಿಮೆಯ ಮರುದಿನ ಧಾರವಾಡದ ನಮ್ಮ ಮನೆಗೆ ಬಂತು. ಭಾವ ಅಲ್ಲಿ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಕ್ಕ ಆಫ್ರಿಕಾಕ್ಕೆ ಹೋಗಿ ಒಂದು ವರ್ಷವಾಗಿತ್ತು. ಶ್ರಾವಣದಲ್ಲಿ ಹೆರಿಗೆಯಾಗಬಹುದು ಎಂದು ಬರೆದಿದ್ದಳು. ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿ ಇನ್ನೊಂದು ಮಾತು ಸೇರಿಸಿದ್ದಳು: "ಅವ್ವಾ, ಈ ಸರ್ತೆ ನೀ ಇಲ್ಲಿ ಇರಬೇಕು ನೋಡು."

ಎರಡು ವರ್ಷದ ಹಿಂದೆ ಅಕ್ಕನ ಮೊದಲ ಕೂಸು ನಮ್ಮ ಮನೆಯಲ್ಲಿಯೇ ಹುಟ್ಟಿ, ಒಂದು ದಿನವೂ ಬದುಕಲಿಲ್ಲ. ಆ ಒಂಬತ್ತೂ ತಿಂಗಳು ಆಕೆ ಉಂಡದ್ದನ್ನೆಲ್ಲ ಕಾರಿಕೊಂಡಿದ್ದಳು. ಹೀಗಾಗಿ ಆ ಕಾಗದವನ್ನು ಓದಿದ ಮೇಲೆ ಅವ್ವ ಹೋಗಬೇಕೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ಜೊತೆಗೆ ನಾನು ಹೋಗುವುದೆಂದು ನಿಶ್ಚಯವಾಯಿತು. ನಾನಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿ ಸೇರಿ ಒಂದೇ ವರ್ಷ. ಮೂರು ತಿಂಗಳ ರಜೆ ಬೇಡಿದೆ, ಕೊಟ್ಟರು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಅವರು ಪುಣೆಯ ಆಚೆಗೆ ಹೋದವರಲ್ಲ, ಅವ್ವ ಪಂಢರಪುರದ ಆಚೆಗೆ. ಮಗ್ಗುಲ ಮನೆಯ ಅಜ್ಜಿಗೆ ಸುದ್ದಿ ತಿಳಿದು, "ಸಮುದ್ರಾ ದಾಟಿದ್ರ ಮಡಿ ಎಲ್ಲಿ ಉಳೀತವಾ?" ಎಂದು ಕೇಳಿದ್ದಕ್ಕೆ ಅವ್ವ, "ಮಗಳು ದಾಟ್ಯಾಳಲ್ಲ, ಮಡೀನೂ ದಾಟ್ಲಿ ಬಿಡ್ರಿ" ಎಂದು ಹಪ್ಪಳ ಲಟ್ಟಿಸುವುದನ್ನು ಮುಂದುವರಿಸಿದಳು.

ನಮ್ಮ ಹಡಗು ಹೊರಡುವುದು ಗೋವೆಯ ಮುರಗಾಂವ ಬಂದರಿನಿಂದ, ಆಷಾಢದ ನಡುವೆ. ಲೋಂಡಾ ದಾಟಿ, ಘಟ್ಟ ಇಳಿದು ಹೋಗುವ ರೈಲು ಹಿಡಿದರೆ ಬಂದರು ಮುಟ್ಟುತ್ತಿತ್ತು. ಮಾಳಮಡ್ಡಿಯ ನಮ್ಮ ಮನೆಗೆ ಸ್ಟೇಶನ್ನಿನ ಎಲ್ಲ ಸಪ್ಪಳವೂ ಕೇಳುತ್ತಿತ್ತು. ಹಡಗಿಗೆ ಇನ್ನು ಆರು ದಿನವಿದ್ದಾಗ, ಗೋವೆಯ ಗಾಡಿ ಬರುವ ಹೊತ್ತಿಗೆ ಸಿಳ್ಳು ಕೇಳಲಿಲ್ಲ. ಮರುದಿನವೂ ಇಲ್ಲ. ಆ ವರ್ಷ ಮಳೆ ಧಾರವಾಡದ ಎಂದಿನ ಜಿಟಿಜಿಟಿ ಮಳೆಯಾಗಿರಲಿಲ್ಲ. ಕೆಲಗೇರಿಯ ಕೆರೆ ಕೋಡಿ ಬಿದ್ದು, ಅಪ್ಪ ದಿನಾ ತಿರುಗಾಡಲು ಹೋಗುವ ಹಾದಿಯ ಮೇಲೆ ಮೊಳಕಾಲುದ್ದ ನೀರು ಹರಿಯುತ್ತಿತ್ತು. ಅಪ್ಪ ಸ್ಟೇಶನ್ನಿಗೆ ಹೋಗಿ ಕೇಳಿಕೊಂಡು ಬಂದರು. ಘಟ್ಟದಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿತ್ತು. ಗಾಡಿ ಘಟ್ಟದ ಮೇಲಿನ ಕ್ಯಾಸಲ್ ರಾಕ್ ಸ್ಟೇಶನ್ನಿನವರೆಗೆ ಮಾತ್ರ.

"ಮುಗೀತು," ಎಂದರು ಅಪ್ಪ, ಒದ್ದೆ ಕೋಟನ್ನು ಗೂಟಕ್ಕೆ ಹಾಕುತ್ತ. "ದೇವರೇ ಬ್ಯಾಡ ಅಂದಾನ."

"ದೇವರು ಸ್ಟೇಶನ್ ಮಾಸ್ತರಗ ಹೇಳ್ಯಾನೇನು? ನನಗ ಏನೂ ಹೇಳಿಲ್ಲ," ಎಂದಳು ಅವ್ವ.

ಮಾರನೆಯ ದಿನ ಅವ್ವ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದಳು. ಅಲ್ಲಿ ಆಕೆಯ ತಮ್ಮ, ನಮ್ಮ ಮಾಮಾ, ರೈಲ್ವೆಯ ಗೂಡ್ಸ್ ಆಫೀಸಿನಲ್ಲಿದ್ದರು. ಅವರ ಮನೆಯ ಹಿಂದೆಯೇ ರೈಲ್ವೆಯವರ ಚಾಳು. ಅಲ್ಲಿದ್ದ ಒಬ್ಬ ಗಾರ್ಡು ಹಿಂದಿನ ದಿನ ಘಟ್ಟದಿಂದ ಮರಳಿದ್ದರು. ಮಾಮಾ ಅವರನ್ನು ಕರೆತಂದು ಪಡಸಾಲೆಯಲ್ಲಿ ಕೂಡ್ರಿಸಿದರು. ನೆಗಡಿಯಿಂದ ಮೂಗು ಕೆಂಪಾಗಿದ್ದ ಆ ಮನುಷ್ಯ, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವ್ವನ ಪ್ರಶ್ನೆಗಳಿಗೆಲ್ಲ ಸಮಾಧಾನದಿಂದ ಉತ್ತರ ಕೊಟ್ಟರು.

"ಹಳಿ ಯಾವಾಗ ತೆರವಾಗ್ತದರಿ?"

"ಎಂಟು ದಿನಾ ಅಂತಾರ್ರಿ ಅಕ್ಕಾರ. ನನ್ನ ಕೇಳಿದ್ರ ಹದಿನೈದು. ಮ್ಯಾಲಿಂದ ಇನ್ನೂ ಮಣ್ಣು ಬೀಳಾಕತ್ತೈತ್ರಿ."

"ಹಂಗಾದ್ರ ಹೋಗಲೇಬೇಕು ಅನ್ನಾವ್ರು ಏನ್ ಮಾಡ್ತಾರ?"

"ಈ ಕಡೆ ಇಳದು, ಬಿದ್ದ ಗುಡ್ಡದ ಬಾಜೂಕ ಅರ್ಧಾ ಮೈಲು ನಡೀಬೇಕ್ರಿ. ಸಾಮಾನು ಹಮಾಲರು ಹೊರತಾರ. ಆ ಕಡೆ ಬ್ಯಾರೆ ಗಾಡಿ ನಿಂತಿರತೈತಿ. ನಿನ್ನೆ ನಾಕ್ ಮಂದೀನ ನಾನ ದಾಟಿಸಿ ಬಂದೇನ್ರಿ."

"ಮೊಣಕಾಲು ಬ್ಯಾನಿ ಇರೋ ನನ್ನಂಥಾಕಿ ದಾಟಬಹುದೇನ್ರಿ?"

ಗಾರ್ಡು ಅವ್ವನ ಕಾಲು ನೋಡಲಿಲ್ಲ, ಮುಖ ನೋಡಿದರು. "ದಾಟಬಹುದ್ರಿ. ಆದ್ರ ಖರೇ ಹೇಳ್ತೇನಿ, ನಮ್ಮ ಅವ್ವಾ ಇದ್ರ ನಾ ಕಳಸ್ತಿದ್ದಿಲ್ಲ. ದಾಟಿದ ಮ್ಯಾಲೂ ಹಡಗ ಆ ದಿನಾನ ಬಿಡತೈತಿ ಅಂತ ಯಾರ ಹೇಳಬೇಕ್ರಿ?"

ಮುಂದಿನ ಹಡಗು ಯಾವಾಗ ಎಂದು ಅವ್ವ ಕೇಳಿದಳು. ಒಂದು ತಿಂಗಳು ಬಿಟ್ಟು ಎಂದರು ಮಾಮಾ. ಅಂದರೆ ಹೆರಿಗೆಯ ಹೊತ್ತಿಗೆ ಅವ್ವ ಅಲ್ಲಿ ಇರುವುದಿಲ್ಲ. ಪುಣೆಯ ಮೇಲೆ ಮುಂಬಯಿಗೆ ಹೋಗಿ ಇದೇ ಹಡಗು ಹತ್ತೋಣವೆಂದರೆ, ಅದು ಮುಂಬಯಿಯಿಂದ ಮೊದಲೇ ಬಿಟ್ಟು ಮುರಗಾಂವಕ್ಕೆ ಬರುವಂಥದ್ದು, ಹಿಡಿಯಲು ಹೊತ್ತಿರಲಿಲ್ಲ.

ಧಾರವಾಡಕ್ಕೆ ಮರಳುವಾಗ ಗಾಡಿಯಲ್ಲಿ ಅವ್ವ ನನ್ನನ್ನು ಕೇಳಿದಳು. "ನೀ ಏನಂತಿ?"

"ಹೋಗೋಣು," ಎಂದುಬಿಟ್ಟೆ. ಇವತ್ತು ಒಪ್ಪಿಕೊಳ್ಳುತ್ತೇನೆ, ಆಗ ನನ್ನ ಮನಸ್ಸಿನಲ್ಲಿ ಅಕ್ಕನೂ ಇರಲಿಲ್ಲ, ಅವ್ವನ ಮೊಣಕಾಲೂ ಇರಲಿಲ್ಲ. ನನಗೆ ಹಡಗು ಹತ್ತಬೇಕಾಗಿತ್ತು. ಶಾಲೆಯ ಹುಡುಗಿಯರಿಗೆಲ್ಲ ನಕಾಶೆ ಬಿಡಿಸಿ ನನ್ನ ದಾರಿ ತೋರಿಸಿದ್ದೆ. ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ ನಕ್ಕಳು, ಮತ್ತೆ ಕೇಳಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದುಕೊಂಡವಳೇ, "ಆಕೀನ್ನ ಕೇಳೋಣು. ತಾರು ಬರಿ," ಎಂದಳು.

"ಏನಂತ ಕೇಳ್ತಿ?" ಎಂದರು ಅಪ್ಪ. "ಬರಲೋ ಬ್ಯಾಡೋ ಅಂದ್ರ ಬಾ ಅಂತಾಳ. ಇಲ್ಲಾ, ನಾವು ತ್ರಾಸು ಪಡ್ತೀವಿ ಅಂತ ಅಳಿಯಂದಿರು ಬರಬ್ಯಾಡ್ರಿ ಅಂತಾರ. ಎರಡರಾಗೂ ನಿನಗೇನ್ ತಿಳೀತು?"

"ಅದನ್ನ ಯಾರು ಕೇಳ್ತಾರ? ಏನು ತಿನಬೇಕನಸ್ತದ ಅಂತ ಕೇಳು. ಆಕೀನ ಜವಾಬು ಕೊಡಲಿ, ಗಂಡ ಬ್ಯಾಡ."

ಅಪ್ಪ ಗಟ್ಟಿಯಾಗಿ ನಕ್ಕರು. ಆದರೆ ತಾರು ಕಳಿಸಲು ಕೊಡೆ ಹಿಡಿದು ನನ್ನ ಜೊತೆಗೆ ಬಂದರು. ಪೋಸ್ಟ್ ಆಫೀಸಿನ ತಾರು ಬಾಬು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದನ್ನು ಎರಡು ಸಲ ಓದಿದರು. "ಅಕ್ಕೋರ, ಪರದೇಶಕ್ಕ ತಾರು ಅಂದ್ರ ಒಂದೋ ಹುಟ್ಟಿದ್ದು, ಒಂದೋ ಸತ್ತದ್ದು. ಊಟದ ಸುದ್ದಿ ನಾ ಈ ಕೈಲೆ ಕಳಿಸಿಲ್ರಿ," ಎಂದರು. ಆದರೂ ಒಂದಕ್ಷರ ತಪ್ಪದಂತೆ ಕಳಿಸಿದರು.

ಜವಾಬು ಬರುವವರೆಗಿನ ಎರಡು ದಿನ ಮನೆಯಲ್ಲಿ ಎರಡು ನಮೂನೆಯ ತಯಾರಿ ನಡೆಯಿತು. ಅವ್ವ ಟ್ರಂಕಿಗೆ ಹಳೆಯ ಮೆತ್ತನೆಯ ಸೀರೆಗಳಿಂದ ಹೊಲಿದ ಕೂಸಿನ ಕುಂಚಿಗೆ, ಹೊದೆಸುವ ದುಬ್ಬಟಿ, ಬಾಣಂತಿಗೆ ಕೊಡುವ ಅಂಟಿನ ಉಂಡಿಯ ಸಾಮಾನು ತುಂಬುತ್ತಿದ್ದಳು. ಅಪ್ಪ ಮಳೆ ಯಾವ ನಕ್ಷತ್ರಕ್ಕೆ ನಿಲ್ಲುತ್ತದೆ ಎಂದು ಪಂಚಾಂಗ ತಿರುವುತ್ತ, ಪ್ರತಿ ನಕ್ಷತ್ರಕ್ಕೂ ನಿರಾಶರಾಗುತ್ತಿದ್ದರು. ಹಡಗಿಗೆ ಎರಡೇ ದಿನ ಉಳಿದಿದ್ದಾಗ, ಮಧ್ಯಾಹ್ನದ ಊಟದ ಹೊತ್ತಿಗೆ ತಾರಿನವನು ಬಂದ. ಅಕ್ಕ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದಿದ್ದಳು. ದಾರಿಯಲ್ಲಿ ಯಾರೋ ಅರ್ಥವಾಗದೆ ಅಕ್ಷರಗಳನ್ನು ಅತ್ತಿತ್ತ ಮಾಡಿದ್ದರು. ನಾನು ಕೂಡಿಸಿ ಕೂಡಿಸಿ ಓದಿದೆ: "ಮೆಂತ್ಯ ಹಿಟ್ಟು ಬಿಸಿ ಅನ್ನ ತುಪ್ಪ ಭಾಳ ಭಾಳ."

ಅವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು, "ಇನ್ನೊಮ್ಮೆ ಓದು," ಎಂದಳು. ಓದಿದೆ. ಆಮೇಲೆ ಗೋಡೆಗೆ ಆತು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಸರ್ತೆ ಆಕೀಗೆ ತುಪ್ಪದ ವಾಸನಿ ಬಂದ್ರ ಸಾಕು, ಹಿತ್ತಲಕ್ಕ ಓಡ್ತಿದ್ಲು. ಈಗ ತುಪ್ಪ ಬೇಡ್ಲಿಕ್ಕತ್ತಾಳ. ಭಾಳ ಭಾಳ ಅಂತ!"

ಆಮೇಲೆ ತಾನಾಗಿಯೇ ಹೇಳಿದಳು: "ಉಣ್ಲಿಕ್ಕತ್ತಾಳ ಅಂದ್ರ ಈ ಸರ್ತೆ ಗಟ್ಟಿ ಇದ್ದಾಳ. ಈ ಹಡಗ ಬ್ಯಾಡ. ಮುಂದಿನದಕ್ಕ ಹೋಗೋಣು."

"ನಾ ಮೊದಲಽ ಹೇಳಿದ್ದೆ," ಎಂದರು ಅಪ್ಪ.

"ನೀವು ಅಂಜಿ ಹೇಳಿದ್ರಿ. ನಾ ಗುಡ್ಡಕ್ಕ ಅಂಜಿಲ್ರಿ. ದಾರ್ಯಾಗ ನಾ ಕಾಲು ಮುರಕೊಂಡು ಬಿದ್ರ ಆ ಸುದ್ದಿ ಆಕೀಗೆ ಹೋಗ್ತದಲ್ಲ? ತುಂಬಿದ ತಿಂಗಳದಾಗ ಆಕಿ ಉಂಡು ಸುಖವಾಗಿರಬೇಕು, ನನ್ನ ಚಿಂತೀ ಮಾಡಬಾರದು." ನನ್ನ ಕಡೆ ತಿರುಗಿ, "ನಿನ್ನ ಹಡಗು ಎಲ್ಲಿಗೂ ಓಡಿ ಹೋಗೂದಿಲ್ಲವಾ," ಎಂದಳು. ನನಗೆ ಅಳು ಬಂದಿತ್ತು. ಅಂದು ಮಧ್ಯಾಹ್ನವೇ ಬರುತ್ತಿಲ್ಲವೆಂದು ಇನ್ನೊಂದು ತಾರು ಹೋಯಿತು.

ಆಮೇಲೆ ಮಾಮಾ ಸುದ್ದಿ ತಂದರು. ಗೋವೆಗೆ ಹೋದವರೆಲ್ಲ ಸುಖವಾಗಿ ಗುಡ್ಡ ದಾಟಿದ್ದರು. ವಯಸ್ಸಾದವರನ್ನು ಕುರ್ಚಿಯಲ್ಲಿ ಕೂಡ್ರಿಸಿ ಹೊತ್ತಿದ್ದರು. ಹಡಗು ಒಂದು ದಿನ ತಡೆದು ನಿಂತು ಎಲ್ಲರನ್ನೂ ಹತ್ತಿಸಿಕೊಂಡು ಹೋಗಿತ್ತು. ಅವ್ವ ಏನು ಹೇಳುತ್ತಾಳೋ ಎಂದು ನಾನು ಕಾದೆ. "ಛಲೋ ಆತು. ಆ ಮಂದಿ ಮುಟ್ಟಲಿ," ಎಂದಳು. ಆದರೆ ಆ ವಾರವಿಡೀ ಅವ್ವ ಕಟ್ಟಿದ ಟ್ರಂಕನ್ನು ಬಿಚ್ಚಿ ಕಟ್ಟುವುದನ್ನು ನೋಡಿದೆ. ತಾನು ತಪ್ಪಿದೆನೋ ಎಂಬ ಅನುಮಾನ ಅವಳನ್ನು ಬಿಟ್ಟಿರಲಿಲ್ಲ.

ನಾಗರಪಂಚಮಿ ಕಳೆದು ಎರಡು ದಿನಕ್ಕೆ ತಾರು ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ತಾರು ಬಾಬು ತಾವೇ ಮನೆಗೆ ತಂದುಕೊಟ್ಟು, ಎಳ್ಳುಂಡಿ ತಿಂದು ಹೋದರು. ಹತ್ತು ದಿನದ ಮೇಲೆ ನಾವು ಹೊರಟೆವು. ಹಳಿ ತೆರವಾಗಿತ್ತು. ಗಾಡಿ ಕುಸಿದ ಜಾಗವನ್ನು ಮೆಲ್ಲಗೆ ದಾಟುವಾಗ, ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಕೂಲಿಯವರು ಕೆಂಪು ಮಣ್ಣು ಎತ್ತಿಹಾಕುತ್ತಲೇ ಇದ್ದರು. ಅವ್ವ ಕಿಟಕಿಯಿಂದ ಬಗ್ಗಿ, ನಡೆಯಬೇಕಾಗಿದ್ದ ಆ ಅರ್ಧ ಮೈಲಿಯನ್ನು ಉದ್ದಕ್ಕೂ ನೋಡಿ, "ನಡೀತಿದ್ದೆ, ನಡೀತಿದ್ದಿಲ್ಲೇನು?" ಎಂದಳು. ನಡೆಯುತ್ತಿದ್ದಳು ಎಂದೇ ನನಗೂ ಅನಿಸಿತು. ಹಡಗಿನಲ್ಲಿ ಮೂರು ದಿನ ನಾನು ತಲೆ ಎತ್ತಲಿಲ್ಲ. ಸಮುದ್ರವನ್ನು ಬಯಸಿದವಳು ನಾನು, ನೋಡಿದವಳು ಅವ್ವ.

ಮೊಂಬಾಸಾ ಬಂದರಿನ ಧಕ್ಕೆಯ ಮೇಲೆ ಅಕ್ಕ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಗಲ್ಲ ತುಂಬಿಕೊಂಡಿದ್ದಳು. ಮನೆಗೆ ಹೋಗುವಾಗ ನಮ್ಮಿಂದ ಘಟ್ಟದ ಕತೆಯನ್ನೆಲ್ಲ ಕೇಳಿ ಹೇಳಿದಳು: "ಹೋದ ಹಡಗ ಬಂದಾಗನೂ ನಾ ಇಲ್ಲಿಗೆ ಬಂದಿದ್ದೆ ಅವ್ವಾ. ಬರೂದಿಲ್ಲಂತ ತಾರು ಬಂದಿದ್ರೂ, ಯಾರಿಗೆ ಗೊತ್ತು, ಬಂದೇಬಿಟ್ಟಿರತೀ ಅಂತ."

ಅವ್ವನ ಮುಖ ಸಣ್ಣದಾಯಿತು. "ನಾ ತಪ್ಪು ಮಾಡಿದ್ನೇನವಾ?"

"ಇಲ್ಲಬಿಡು. ನೀ ಇಳೀಲಿಲ್ಲ, ನಾ ಮನೀಗೆ ಹೋದೆ, ಹೊಟ್ಟಿ ತುಂಬ ಉಂಡು ಮಲಕೊಂಡೆ. ಘಟ್ಟದಾಗ ನಡ್ಯಾಕ ಹತ್ತೀ ಅಂತ ಗೊತ್ತಿದ್ರ ನಿದ್ದಿ ಬರ್ತಿತ್ತೇನು?"

ಹೆರಿಗೆಯ ಹೊತ್ತಿಗೆ ಅಕ್ಕನ ಜೊತೆಗಿದ್ದವರು ಪಕ್ಕದ ಮನೆಯ ಗುಜರಾತಿ ಬಾಯಿ. ಅವ್ವ ಹೆಸರಿಡುವ ಶಾಸ್ತ್ರದ ದಿನ ಮೊದಲ ಕುಂಕುಮವನ್ನು ಅವರ ಹಣೆಗೇ ಹಚ್ಚಿದಳು. ಮರುದಿನದಿಂದ ಇಬ್ಬರೂ ಕೂಡಿಯೇ ಕೂಸಿಗೆ ಎರೆಯತೊಡಗಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಎಣ್ಣೆ ಎಷ್ಟು, ನೀರು ಎಷ್ಟು ಬಿಸಿ ಎಂದು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಜಗಳಾಡುವರು. ಕೂಸು ಇಬ್ಬರ ಕಾಲ ಮೇಲೂ ಒಂದೇ ಸಮನೆ ಚೀರುವುದು. ಅಪ್ಪನಿಗೆ ಅವ್ವ ನನ್ನ ಕೈಯಿಂದ ಬರೆಸಿದ ಮೊದಲ ಕಾಗದದಲ್ಲಿ ಸಮುದ್ರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೂಸಿನ ಮೂಗು ನಿಮ್ಮ ಹಾಗಿದೆ, ಬಿಸಿಲು ಬಿದ್ದ ಕೂಡಲೆ ಮನೆಯ ಮೇಲಿನ ಹಂಚು ಕೈಯಾಡಿಸಲು ಆಳನ್ನು ಕರೆಸಿರಿ, ನಾನು ದೀಪಾವಳಿಯ ನಂತರವೇ ಬರುವೆನು ಎಂದಷ್ಟೇ ಇತ್ತು.