ತುಳಸಿ ಮಲಗುವ ಹೊತ್ತು

ಚೆನ್ನೈನ ಕೀಲ್ಪಾಕಿನ ವೆಂಕಟಲಕ್ಷ್ಮಿಗೆ ಅರವತ್ತೆಂಟು ವರ್ಷ. ಅವರ ಹಟಕ್ಕೆ ಮಾತ್ರ ವಯಸ್ಸೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ದೇವರ ತಲೆಗೆ ಮನೆಯ ತುಳಸಿಯನ್ನೇ ಏರಿಸಿದವರು, ಕೊಂಡ ತುಳಸಿ ಕೈಯಲ್ಲಿ ಹಿಡಿದವರಲ್ಲ.

ಹೋದ ವರ್ಷ ಪಕ್ಕದಲ್ಲಿ ಹನ್ನೆರಡು ಮಹಡಿಯ ಕಟ್ಟಡ ಎದ್ದು, ಅವರ ಬಾಲ್ಕನಿಯ ಬಿಸಿಲನ್ನೆಲ್ಲ ನುಂಗಿ ನೀರು ಕುಡಿಯಿತು. ಅತ್ತೆ ಬೀಜ ಹಾಕಿ ಬೆಳೆಸಿದ ತುಳಸಿಯ ಸಂತತಿಯಲ್ಲಿ ಎಂಟು ಕುಂಡ ಒಣಗಿ ಹೋದವು. ಉಳಿದದ್ದು ಒಂದೇ ಗಿಡ. ಅದೂ ಹೋದರೆ ಅತ್ತೆಯ ತುಳಸಿಯ ಕತೆ ಅಲ್ಲಿಗೆ ಮುಗಿಯಿತು.

ಪೆರುಂಗುಡಿಯ ಆಫೀಸಿಗೆ ಹೋಗುವ ಮಗಳು ವೃಂದಾ ಗಿಡಕ್ಕೆ ಬಿಸಿಲಿನ ಬದಲು ಬೆಳಕು ಕೊಡುವ ಒಂದು ಗ್ರೋ ಲೈಟ್ ತಂದಳು. ಪಕ್ಕದ ಬೀದಿಯ ಮೈದುನ ಬದರಿನಾಥ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕ.

"ಏನತ್ತಿಗೆ, ಟ್ಯೂಬ್‌ಲೈಟ್ ತುಳಸೀನಾ? ಹಾಗಾದ್ರೆ ನೈವೇದ್ಯಕ್ಕೆ ಪ್ಲಾಸ್ಟಿಕ್ ಬಾಳೆಹಣ್ಣು ಇಟ್ಬಿಡಿ! ನಾನಂತೂ ಹೂ ಮಾರೋ ಪೂಕ್ಕಾರಮ್ಮನ ಹತ್ರ ತಗೋತೀನಪ್ಪಾ."

ವೆಂಕಟಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ದೀಪವನ್ನು ಗಿಡದ ನೆತ್ತಿಯಿಂದ ಒಂದು ಗೇಣು ಮೇಲೆ ತೂಗುಹಾಕಿದರು. ಎಲೆಗೆ ಶಾಖ ತಾಗುತ್ತದೆಯೇ ಎಂದು ಅಂಗೈ ಹಿಡಿದು ನೋಡಿದರು. ಬೆಳಕು ಗೋಡೆಪಾಲಾಗಬಾರದೆಂದು ಗಿಡದ ಹಿಂದೆ ಅತ್ತೆಯ ಅಗಲ ಸ್ಟೀಲ್ ತಾಂಬಾಳವನ್ನು ಕನ್ನಡಿಯ ಹಾಗೆ ತಿಕ್ಕಿ ನಿಲ್ಲಿಸಿದರು. ದಿನಾ ಕುಂಡವನ್ನು ಕಾಲು ಸುತ್ತು ತಿರುಗಿಸಿದರು. ಇಷ್ಟೆಲ್ಲ ಮಾಡಿದರೂ ಎಲೆ ಹಳದಿಯಾಗಿ ಮುರುಟತೊಡಗಿತು!

ಆಗದೇ ಇರುತ್ತದೆಯೇ? ಹಗಲು ರಾತ್ರಿ ದೀಪ ಉರಿಯುತ್ತಲೇ ಇತ್ತಲ್ಲ. ಆ ಮನೆಯಲ್ಲಿ ದೀಪ 'ಆರಿಸು' ಎಂಬ ಮಾತೇ ಬಾಯಿಂದ ಬರಕೂಡದು, 'ದೊಡ್ಡದು ಮಾಡು' ಎನ್ನಬೇಕು. ಅಂಥದ್ದರಲ್ಲಿ ತುಳಸಿಯ ಮುಂದಿನ ದೀಪದ ಸ್ವಿಚ್ಚು ಒತ್ತುವುದೇ? ಮಹಾತಾಯಿ ಗ್ರೋ ಲೈಟನ್ನು ನಂದಾದೀಪ ಮಾಡಿಟ್ಟಿದ್ದರು.

ಒಂದು ಸಂಜೆ ಕೆಮ್ಮುತ್ತಿದ್ದ ವೃಂದಾ ಕಷಾಯಕ್ಕೆಂದು ಎಲೆಗೆ ಕೈ ಚಾಚಿದಳು.

"ಕೈ ತೆಗಿಯೇ! ಹೊತ್ತು ಮುಳುಗಿದೆ, ತುಳಸಿ ಮಲಗಿದಾಳೆ."

"ಈ ಲೈಟಲ್ಲಾ? ಹೇಗಮ್ಮಾ ಮಲಗ್ತಾಳೆ, ಪಾಪ? ಅವಳು ನಿದ್ದೆ ಮಾಡಿ ತಿಂಗಳಾಯ್ತು."

ವೆಂಕಟಲಕ್ಷ್ಮಿ ಹಣೆ ಚಚ್ಚಿಕೊಂಡರು. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಾಯಲ್ಲಿ ಹೇಳೋದೇನು, ಕೈಯಲ್ಲಿ ಮಾಡಿದ್ದೇನು!"

ಮರುದಿನವೇ ಟೈಮರ್ ಬಂತು, ಇನ್ನು ಯಾರೂ ಸ್ವಿಚ್ಚು ಒತ್ತಬೇಕಿಲ್ಲ. ಬೆಳಗ್ಗೆ ಐದಕ್ಕೆ ಬೆಳಕು, ಸಂಜೆ ಐದೂವರೆಗೆ ಕತ್ತಲೆ. ಮೂರು ವಾರದಲ್ಲಿ ಹೊಸ ಚಿಗುರು ಕಂಡಿತು. ಗಿಡ ಎತ್ತರವಾದಂತೆಲ್ಲ ಅವರು ದೀಪವನ್ನೂ ಮೇಲೆತ್ತಿ ಕಟ್ಟಿದರು.

ಕಾರ್ತೀಕ ಬಂತು, ಜೊತೆಗೆ ಚೆನ್ನೈ ಮಳೆಯೂ ಬಂತು. ಮೂರು ದಿನ ಸೂರ್ಯನ ಮುಖವಿಲ್ಲ, ಬೀದಿಯಲ್ಲಿ ಮೊಣಕಾಲುದ್ದ ನೀರು, ಪೂಕ್ಕಾರಮ್ಮನ ಪತ್ತೆಯಿಲ್ಲ. ಅಂದು ಏಕಾದಶಿ. ಮರುದಿನ ದ್ವಾದಶಿಯ ತುಳಸಿ ಪೂಜೆ, ಆದರೆ ದ್ವಾದಶಿಯಂದು ತುಳಸಿ ಕೀಳುವಂತಿಲ್ಲ. ಕೀಳುವುದಿದ್ದರೆ ಇಂದೇ, ಹೊತ್ತು ಮುಳುಗುವುದರೊಳಗೆ.

ಐದೂವರೆಗೆ ಹತ್ತು ನಿಮಿಷವಿರುವಾಗ ಬೆಲ್ಲು ಸದ್ದಾಯಿತು. ಪಂಚೆ ಎತ್ತಿ ಕಟ್ಟಿ, ತೊಪ್ಪೆಯಾಗಿ ನಿಂತಿದ್ದ ಬದರಿನಾಥ.

"ಅತ್ತಿಗೆ, ಊರೆಲ್ಲ ಸುತ್ತಿದೆ. ಎಲ್ಲೂ ಇಲ್ಲ. ಒಂದು ಹಿಡಿ..."

"ಟ್ಯೂಬ್‌ಲೈಟ್ ತುಳಸಿ, ಪರವಾಗಿಲ್ವಾ?"

"ಸಾಯಿಸಬೇಡಿ ಅತ್ತಿಗೆ."

ಒಳಗೆ ಬಂದವನು ಹಾಗೇ ನಿಂತುಬಿಟ್ಟ. ಸೊಂಟದೆತ್ತರದ ಗಿಡ, ಮೈತುಂಬ ಮಂಜರಿ. ಹಿಂದೆ ಹೊಳೆಯುತ್ತಿದ್ದ ತಾಂಬಾಳ ಯಾರದೆಂದು ಅವನಿಗೆ ಗೊತ್ತಿತ್ತು, ಅದರಲ್ಲಿ ಅಮ್ಮ ಹೂವು ಕಟ್ಟಿಡುತ್ತಿದ್ದಳು.

ವೆಂಕಟಲಕ್ಷ್ಮಿ ಕೈಮುಗಿದು ಎರಡು ಬೊಗಸೆ ಕಿತ್ತರು, ಒಂದು ತಮಗೆ, ಒಂದು ಅವನಿಗೆ. ಟೈಮರ್ ಟಕ್ಕೆಂದಿತು, ದೀಪ ನಿಂತಿತು.

"ಅಯ್ಯೋ, ದೀಪ ಆರ್..." ಬದರಿನಾಥ ನಾಲಿಗೆ ಕಚ್ಚಿಕೊಂಡ. "ದೊಡ್ಡದಾಯ್ತು."

"ತುಳಸಿ ಮಲಗಿದಳು ಅನ್ನು," ಎಂದರು ವೆಂಕಟಲಕ್ಷ್ಮಿ. ಅವರಿಗೆ ಖುಷಿ ತಡೆಯಲಾಗಲಿಲ್ಲ. "ನಾಳೆ ಪೂಜೆಗೆ ಎಲ್ಲರನ್ನೂ ಕರ್ಕೊಂಡು ಇಲ್ಲಿಗೇ ಬಾ. ನಿಮ್ಮಮ್ಮನ ತುಳಸಿ ಕಣೋ, ಇನ್ನೂ ಇದಾಳೆ."

ಬದರಿನಾಥ ಒದ್ದೆ ಪಂಚೆಯಲ್ಲೇ ಕತ್ತಲಲ್ಲಿ ಕುಂಡದ ಮುಂದೆ ಅಡ್ಡಬಿದ್ದ.