ಮೂರು ಕುರಿಮರಿಗಳ ಸರಾಸರಿ

ಕೆಲವು ವಿವರಗಳು ನನ್ನಲ್ಲಿ ಅದಲುಬದಲಾಗಿರಬಹುದು. ಆದರೆ ಮೊನ್ನೆ ಜತ್ತ ಪಟ್ಟಣದ ಝೆರಾಕ್ಸ್ ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ ಬಂದಾಗ ನೆನಪಾದದ್ದು ಅಕ್ಕೋರೇ, ಅದರಲ್ಲಿ ಅನುಮಾನವಿಲ್ಲ.

ಅಕ್ಕೋರು ಎಂದರೆ ನಮ್ಮ ಕಂಪ್ಯೂಟರ್ ಕ್ಲಾಸಿನ ಶಿಕ್ಷಕಿ. ಕನ್ನಡ ಶಾಲೆಯಿಂದ ಬಂದ ಮಕ್ಕಳಿಗಾಗಿ ಪ್ರೋಗ್ರಾಮಿಂಗ್ ಪುಸ್ತಕವನ್ನು ತಾವೇ ಬರೆಯುತ್ತಿದ್ದರು. ಪ್ರತಿ ಉದಾಹರಣೆಯ ಕೆಳಗೆ ಬರಬೇಕಾದ ಉತ್ತರ ಇರುತ್ತಿತ್ತು. ಪುಸ್ತಕದಿಂದ ಆ ಉದಾಹರಣೆಗಳನ್ನೆಲ್ಲ ಹೆಕ್ಕಿ, ಓಡಿಸಿ, ಬಂದ ಉತ್ತರವನ್ನು ಬರೆದ ಉತ್ತರದೊಂದಿಗೆ ಹೋಲಿಸುವ ಸಣ್ಣ ಪ್ರೋಗ್ರಾಮನ್ನೂ ಮಾಡಿಟ್ಟಿದ್ದರು. ಒಂದು ಹೊಂದದಿದ್ದರೂ ಕೆಂಪು ಸಾಲು. ಆ ಪಾಠವನ್ನು ಝೆರಾಕ್ಸಿಗೆ ಕಳಿಸುವಂತಿಲ್ಲ.

"ಈ ಪ್ರೋಗ್ರಾಮ್ ನನ್ನ ಮಾರಿ ನೋಡಿ ಬಿಡಂಗಿಲ್ಲ. ಅದಕ್ಕ ಇದರ ಮ್ಯಾಲ ಭಾಳ ನಂಬಿಗಿ," ಎನ್ನುತ್ತಿದ್ದರು.

ಪದವಿ ಮುಗಿಸಿ ಅವರ ಸಹಾಯಕ್ಕೆ ಸೇರಿದ್ದ ನಾನು ಅವರು ಬರೆದಿದ್ದ ಒಂದು ಪಾಠ ಟೈಪ್ ಮಾಡಿದೆ. ಹನ್ನೆರಡು, ಹದಿನಾಲ್ಕು, ಹದಿಮೂರು ಕಿಲೋದ ಮೂರು ಕುರಿಮರಿಗಳ ಸರಾಸರಿ ತೂಕ. ಕೂಡಿಸುವ ಅಂಕಿಗಳ ಸುತ್ತ ಬ್ರ್ಯಾಕೆಟ್ ಹಾಕಲು ಮರೆತೆ. ಕಂಪ್ಯೂಟರ್ ಕೊನೆಯ ಅಂಕಿಯನ್ನಷ್ಟೇ ಮೂರರಿಂದ ಭಾಗಿಸಿತು. ಕೆಂಪು ಸಾಲು ಬಂತು. ಝೆರಾಕ್ಸ್ ಅಂಗಡಿ ಮುಚ್ಚುವ ಹೊತ್ತಾಗಿತ್ತೋ, ನನಗೇ ಬೇಸರವಾಗಿತ್ತೋ... ಉತ್ತರವೆಂದು ಬರೆದಿದ್ದ ಹದಿಮೂರನ್ನು ಅಳಿಸಿ, ಕಂಪ್ಯೂಟರ್ ಹೇಳಿದ ಮೂವತ್ತು ಚಿಲ್ಲರೆಯನ್ನೇ ಬರೆದೆ. ಕೆಂಪು ಹೋಗಿ ಹಸಿರು ಬಂತು; ಪಾಠ ಝೆರಾಕ್ಸಿಗೆ ಹೋಯಿತು.

ಮರುದಿನ ಕ್ಲಾಸಿನಲ್ಲಿ ಕುಣಿಕೋಣೂರಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ಕುರಿಗಳಿದ್ದವು.

"ಅಕ್ಕೋರ, ಮೂರೂ ಮರಿ ಹದಿನಾಕರ ಒಳಗ ಅದಾವ. ಸರಾಸರಿ ಮೂವತ್ತ ಹೆಂಗ್ರಿ? ಮರಿ ಜೋಡಿ ನಮ್ಮಪ್ಪನ್ನೂ ತೂಗೀರೇನ್ರಿ?"

ಕ್ಲಾಸು ನಕ್ಕಿತು. ಅಕ್ಕೋರು ಆ ಪುಟವನ್ನು ಬಹಳ ಹೊತ್ತು ನೋಡಿದರು.

"ತಪ್ಪು ನಂದ. ಬ್ರ್ಯಾಕೆಟ್ ಬಿಟ್ಟೀನಿ. ಎಲ್ಲಾರೂ ತಿದ್ದಕೋರಿ," ಎಂದರು. ಆಮೇಲೆ, ಮೆಲ್ಲಗೆ: "ಹೊಂದಲಿಲ್ಲಂದ್ರ ಲೆಕ್ಕ ನೋಡಬೇಕು. ಉತ್ತರ ತಿದ್ದಬಾರದು."

ನಾನು ಬಾಗಿಲ ಬಳಿ ನಿಂತಿದ್ದೆ, ಕಣ್ಣು ನೆಲದ ಮೇಲೆ. ತಪ್ಪು ನನ್ನದೆಂದು ಆಗ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಹೇಳೋಣವೆಂದರೆ ಈಗ ಅಕ್ಕೋರಿಲ್ಲ. ಕ್ಲಾಸಿದ್ದ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ.

ಅಂದು ಮುಂದಿನ ಬೆಂಚಿನಲ್ಲಿ ನನ್ನ ತಂಗಿ ಕುಳಿತಿದ್ದಳು. ನಿನ್ನೆ ಅವಳಿಗೆ ಫೋನ್ ಮಾಡಿ ಕೇಳಿದೆ: "ಅವತ್ತು ಉತ್ತರ ತಿದ್ದಬಾರದು ಅನ್ನುವಾಗ ಅಕ್ಕೋರು ನಿಮ್ಮ ಕಡೆ ನೋಡ್ತಿದ್ರೋ, ನನ್ನ ಕಡೆ ನೋಡ್ತಿದ್ರೋ?"

ನೆನಪು ಮಾಡಿಕೊಂಡು ಹೇಳುತ್ತೇನೆ ಎಂದಿದ್ದಾಳೆ. ಇನ್ನೂ ಹೇಳಿಲ್ಲ.