ಒದ್ದೆ ಬಣ್ಣದ ಮೇಲೆ ದೃಷ್ಟಿಯ ಉಪ್ಪು

ರಾತ್ರಿ ಎರಡೂವರೆಗೆ ಮಗಳು ನಿದ್ದೆಯಲ್ಲೇ ಬಿಕ್ಕಿದ ಸದ್ದಿಗೆ ಎಚ್ಚರವಾಯಿತು. ಬೆಳಿಗ್ಗೆ ಶಾಲೆಗೆ ಒಯ್ಯಬೇಕಾದ ಅವಳ ಚಂದ್ರಂಪಳ್ಳಿ ಕೆರೆಯ ಚಿತ್ರವನ್ನು, ಚೆಂದ ಮಾಡಿಕೊಡುತ್ತೇನೆಂದು ಉಪ್ಪು ಉದುರಿಸಿ ನಾನೇ ಕೆಡಿಸಿದ್ದೆ.

ಶಹಾಬಾದಿನ ಮನೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು, ಚಿಕ್ಕವಳಿದ್ದಾಗ ನಾನೂ ಒಮ್ಮೆ ಹೀಗೇ ಕೆರೆಗೆ ನೀಲಿ ಬಳಿಯುತ್ತಿದ್ದೆ. ನನ್ನ ದೃಷ್ಟಿ ತೆಗೆಯಲು ಬಂದ ಅಜ್ಜಿಯ ಮುಷ್ಟಿಯಿಂದ ಉಪ್ಪಿನ ಹರಳುಗಳು ಒದ್ದೆ ಬಣ್ಣದ ಮೇಲೆ ಉದುರಿದವು. ಜೋರಾಗಿ ಅತ್ತುಬಿಟ್ಟೆ.

"ಅಳಬ್ಯಾಡ ನನ್ನವ್ವ, ನಿನ್ನ ಕೆರಿಗೂ ಭಾಳ ದೃಷ್ಟಿ ಆಗಿತ್ತು, ತೆಗದೀನಿ ಬಿಡು," ಎಂದು ಅಜ್ಜಿ ನಕ್ಕಳು.

ಒಣಗಿದ ಮೇಲೆ ನೋಡಿದರೆ ಹರಳು ಬಿದ್ದಲ್ಲೆಲ್ಲ ಬಿಳಿ ಹೂವು, ಥೇಟ್ ನೀರು ಮಿನುಗಿದಂತೆ!

ಮಗಳ ಚಿತ್ರದ ಮೇಲೆ ನಾನು ಹಾಕಿದ ಪುಡಿ ಉಪ್ಪು ಮಾತ್ರ ಬರೀ ಅಂಟಾಯಿತು. ಕೇಳೋಣವೆಂದರೆ ಅಜ್ಜಿ ಇಲ್ಲ. ಹರಳುಪ್ಪೇ ಬೇಕೇನ್ರಿ? ಬಣ್ಣ ಎಷ್ಟು ಹಸಿಯಿರಬೇಕು? ಉಳಿದಿರುವುದು ಒಂದೇ ಹಾಳೆ. ಈ ಗುಂಪಿನಲ್ಲಿ ಬಲ್ಲವರಿದ್ದರೆ ದಯವಿಟ್ಟು ಬೆಳಗಾಗುವುದರೊಳಗೆ ಫೋನ್ ಮಾಡಿ, ಎಚ್ಚರವಾಗಿಯೇ ಇದ್ದೇನೆ.